ತರಬೇತಿಯಲ್ಲಿರುವ ಆಪ್ತಸಮಾಲೋಚಕಿ ಕ್ಲೈಂಟ್‌ಗೆ ಫೋನ್ ನಂಬರ್ ಕೊಡಬಹುದೇ? ಅನುಭವ ಇದ್ದವರು ಹೇಳಿ

ಮೈಸೂರು ವಿದ್ಯಾರ್ಥಿನಿ
ಕೌನ್ಸೆಲಿಂಗ್ ಸೈಕಾಲಜಿ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೇನೆ. ಇಂಟರ್ನ್‌ಶಿಪ್‌ಗೆ ಒಂದು ಪದವಿ ಕಾಲೇಜಿನ ಆಪ್ತಸಮಾಲೋಚನಾ ಕೇಂದ್ರಕ್ಕೆ ಹಾಕಿದ್ದಾರೆ. ನಮ್ಮ ವಿಭಾಗದಲ್ಲಿ ಸೂಪರ್‌ವಿಷನ್ (ನಾವು ನೋಡುವ ಕ್ಲೈಂಟ್‌ಗಳ ಬಗ್ಗೆ ಅನುಭವಿಗಳೊಂದಿಗೆ ಚರ್ಚಿಸಿ ಮಾರ್ಗದರ್ಶನ ಪಡೆಯುವುದು) ನಡೆಯುವುದು ಹದಿನೈದು ದಿನಕ್ಕೊಮ್ಮೆ, ಅದೂ ಗುಂಪಿನಲ್ಲಿ. ಒಬ್ಬೊಬ್ಬರಿಗೆ ಹತ್ತು ನಿಮಿಷವೂ ಸಿಗುವುದಿಲ್ಲ. ಬಿ.ಕಾಂ. ಓದುವ ಒಬ್ಬ ಹುಡುಗಿ ನನ್ನ ವಾಟ್ಸ್ಆ್ಯಪ್ ನಂಬರ್ ಕೇಳಿದ್ದಾಳೆ. ರಾತ್ರಿ ಹೊತ್ತು ಅವಳಿಗೆ ತುಂಬಾ ಕಷ್ಟವಾಗುತ್ತದಂತೆ. ನನ್ನ ಇಂಟರ್ನ್‌ಶಿಪ್ ಏಪ್ರಿಲ್‌ಗೆ ಮುಗಿಯುತ್ತದೆ. ನಾನಿನ್ನೂ ವಿದ್ಯಾರ್ಥಿನಿ ಎಂಬುದನ್ನು ಕ್ಲೈಂಟ್‌ಗಳಿಗೆ ಹೇಳಬೇಡಿ, ಹೇಳಿದರೆ ಯಾರೂ ಬರುವುದಿಲ್ಲ ಎಂದು ಕೇಂದ್ರದವರು ಹೇಳಿದ್ದಾರೆ. ನಂಬರ್ ಕೊಡಲೇ? ವಿದ್ಯಾರ್ಥಿನಿ ಎಂದು ಹೇಳಲೇ? ಹೊರಗಡೆ ದುಡ್ಡು ಕೊಟ್ಟು ಸೂಪರ್‌ವಿಷನ್ ತೆಗೆದುಕೊಳ್ಳುವುದು ಅಗತ್ಯವೇ?

ಜಯನಗರ ನಾಲ್ಕನೇ ಬ್ಲಾಕ್
ಮೂರನೆಯದಕ್ಕೆ ಉತ್ತರ: ಅಗತ್ಯ. ನಾನು ಕೋರ್ಸಿನ ಉದ್ದಕ್ಕೂ ಕೈಯಿಂದಲೇ ಹಾಕಿದ್ದೇನೆ. ಗಂಟೆಗೆ 1,500 ರೂಪಾಯಿಯಂತೆ ತಿಂಗಳಿಗೆ ಎರಡು ಸಲ ಸೂಪರ್‌ವಿಷನ್. ಎರಡನೆಯ ವರ್ಷ ಶುಲ್ಕ 1,800ಕ್ಕೆ ಏರಿತು. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯೇ ಎಂದು ಕೇಳಿದ್ದಕ್ಕೆ ನೂರು ರೂಪಾಯಿ ಬಿಟ್ಟರು. ಒಂದು ದಿನ ಮೊದಲು ತಿಳಿಸದೆ ತಪ್ಪಿಸಿದರೆ ಪೂರ್ತಿ ಹಣ ಹೋಯಿತೆಂದೇ ಲೆಕ್ಕ. ಡೆಂಗಿ ಜ್ವರ ಬಂದು ಮಲಗಿದ್ದಾಗಲೂ ಹೋಯಿತು. ಜೊತೆಗೆ ನನ್ನದೇ ಥೆರಪಿಗೆ ವಾರಕ್ಕೆ 1,200. ಸೂಪರ್‌ವಿಷನ್‌ಗೆ ಒಯ್ಯುವ ಸೆಷನ್‌ಗಳ ಧ್ವನಿಮುದ್ರಣಕ್ಕೆ ಮೊಬೈಲ್ ಬಳಸಬಾರದು, ಅದರಲ್ಲಿದ್ದದ್ದು ತಾನಾಗಿ ಕ್ಲೌಡ್‌ಗೆ ಹೋಗಿಬಿಡಬಹುದು ಎಂಬುದು ನಮ್ಮ ಸೂಪರ್‌ವೈಸರ್ ಮೇಡಂ ಕಟ್ಟುನಿಟ್ಟು. ಹಾಗಾಗಿ 4,600 ರೂಪಾಯಿಯ ರೆಕಾರ್ಡರ್. ಟಿಪ್ಪಣಿ ಇಡಲು ಬೀಗವಿರುವ ಸ್ಟೀಲ್ ಪೆಟ್ಟಿಗೆ 1,150. ಇಷ್ಟಕ್ಕೂ ನಮ್ಮ ಮೇಡಂಗೆ ಕನ್ನಡ ಬಾರದು. ಕ್ಲೈಂಟ್‌ಗಳು ಮಾತನಾಡಿದ್ದು ಕನ್ನಡದಲ್ಲಿ, ನಾನು ಅದನ್ನು ಪೂರ್ತಿ ಬರೆದಿಳಿಸಿ ಇಂಗ್ಲಿಷಿಗೆ ಮಾಡಿ ಒಯ್ಯಬೇಕು. ಒಂದು ಸೆಷನ್‌ಗೆ ಇಡೀ ಭಾನುವಾರ ಮುಗಿಯುತ್ತಿತ್ತು. ಕೊನೆಗೆ ಅಮ್ಮನ ಎರಡು ಬಳೆ ಅಡವಿಟ್ಟೆ. ಅವನ್ನು ಬಿಡಿಸಿಕೊಂಡದ್ದು ಕೆಲಸ ಸಿಕ್ಕ ಮೇಲೆ.

ಹಾಗಿದ್ದೂ ಒಂದು ರೂಪಾಯಿಗೂ ನನಗೆ ಬೇಸರವಿಲ್ಲ. ರೆಕಾರ್ಡಿಂಗ್ ಕೇಳಿಸಿ ಅದರ ಇಂಗ್ಲಿಷ್ ಪ್ರತಿ ಓದಿದ ಮೊದಲ ದಿನವೇ ಮೇಡಂ ನಿಲ್ಲಿಸಿ ಕೇಳಿದ್ದು: "ಅವರು ಗಂಡನ ಕುಡಿತದ ಮಾತು ಎತ್ತಿದಾಗಲೆಲ್ಲ ನೀವು ಮಕ್ಕಳ ಓದಿನ ಬಗ್ಗೆ ಕೇಳುತ್ತೀರಲ್ಲ, ಯಾಕೆ?" ಗುಂಪಿನಲ್ಲಿ ಹತ್ತು ನಿಮಿಷದಲ್ಲಿ ಇದನ್ನು ಯಾರು ಹಿಡಿಯುತ್ತಾರೆ? ನಂಬರ್ ಅಂತೂ ಕೊಡಲೇಬಾರದು.

ಹುಬ್ಬಳ್ಳಿ ಎಂಎಸ್‌ಡಬ್ಲ್ಯು
"ಕೊಡಲೇಬಾರದು" ಎನ್ನುವವರು ಒಂದು ವಾರ ಕಷ್ಟದಲ್ಲಿರುವ ಹೆಂಗಸರ ನೆರವಿಗಿರುವ ಸಾಂತ್ವನ ಕೇಂದ್ರದಲ್ಲಿ ಕುಳಿತು ನೋಡಬೇಕು. ನನ್ನ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕ್ಷೇತ್ರಕಾರ್ಯ ಅಲ್ಲೇ ಆದದ್ದು. ಗಂಡ ಹೊಡೆದು ಹೊರಗೆ ಹಾಕಿದ ಹೆಂಗಸಿಗೆ ರಾತ್ರಿ ಹನ್ನೊಂದಕ್ಕೆ "ಮುಂದಿನ ಬುಧವಾರ ಮೂರು ಗಂಟೆಗೆ ಬನ್ನಿ" ಎನ್ನಲಾಗುತ್ತದೆಯೇ? ನಾನು ನಂಬರ್ ಕೊಟ್ಟಿದ್ದೇನೆ. ಬೇರೆ ಸಿಮ್, ಹಳೆಯ ಕೀಪ್ಯಾಡ್ ಫೋನು, ರೀಚಾರ್ಜಿನ ಹಣ ನನ್ನದೇ. ಸಂಸ್ಥೆಯಿಂದ ಬರಬೇಕಿದ್ದ ಗೌರವಧನ ಐದು ತಿಂಗಳು ತಡವಾದಾಗಲೂ ಆ ಸಿಮ್ ಸಾಯಲು ಬಿಡಲಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯಿದೆಯಡಿ ಸಂರಕ್ಷಣಾಧಿಕಾರಿಗೆ ಅರ್ಜಿ ಹಾಕಿಸಲು ಅದೇ ಫೋನು ಹಿಡಿದು ಎಷ್ಟು ಕಚೇರಿ ಸುತ್ತಿದ್ದೇನೆ. ಗಡಿ, ಚೌಕಟ್ಟು ಎಂದು ಪಾಠ ಹೇಳುವ ನಿಮ್ಮ ಪುಸ್ತಕಗಳು ಬೇರೆ ದೇಶದ ಬೇರೆ ಜನರಿಗೆ ಬರೆದವು. ನಮ್ಮ ಜನ ನಂಬರ್ ಕೇಳುವುದು ನಂಬಿಕೆ ಹುಟ್ಟಿದ ಮೇಲೆ.

ಜಯನಗರ ನಾಲ್ಕನೇ ಬ್ಲಾಕ್
ಸರ್, ನೀವು ಹೇಳುತ್ತಿರುವುದು ರಕ್ಷಣಾ ಕೆಲಸ. ಅದಕ್ಕೆ ಮಹಿಳಾ ಸಹಾಯವಾಣಿ 181 ಇದೆ, ಪೊಲೀಸರಿದ್ದಾರೆ. ಈ ಹುಡುಗಿ ಕೇಳುತ್ತಿರುವುದು ವಾರಕ್ಕೊಮ್ಮೆ ಕುಳಿತು ಮಾಡುವ ಆಪ್ತಸಮಾಲೋಚನೆಯ ಬಗ್ಗೆ. ನಂಬರ್ ಕೊಟ್ಟು ಒಂದು ರಾತ್ರಿ ನಿದ್ದೆ ಹತ್ತಿ ಫೋನ್ ಎತ್ತದಿದ್ದರೆ ಏನು? ಆಗ ಕ್ಲೈಂಟ್ ಪಾಲಿಗೆ ನೀವೂ ಕೈಬಿಟ್ಟವರ ಪಟ್ಟಿಗೆ ಸೇರುತ್ತೀರಿ.

ಹುಬ್ಬಳ್ಳಿ ಎಂಎಸ್‌ಡಬ್ಲ್ಯು
ನಾನು ಎತ್ತಿದ್ದೇನೆ. ಪ್ರತಿ ಸಲ. ಬಳೆ ಅಡವಿಟ್ಟು ಕಲಿತವರೇ ಕಲಿತವರು ಎಂಬ ಭಾವನೆ ಬೇಡ ಮೇಡಂ.

ಬೆಳ್ಳಿಚುಕ್ಕಿ
ನಿಮ್ಮ ಜಗಳದ ನಡುವೆ ನನ್ನದನ್ನೂ ಬರೆಯುತ್ತೇನೆ, ಏಕೆಂದರೆ ಗೋಪ್ಯತೆ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಎಲ್ಲ ಕಡೆ ಕಲಿಸುತ್ತಿದ್ದಾರೆ.

ನನ್ನ ಇಂಟರ್ನ್‌ಶಿಪ್ ಒಂದು ಖಾಸಗಿ ಶಾಲೆಯಲ್ಲಿ. ಏಳನೆಯ ತರಗತಿಯ ಮಗು ಒಂದು ವಿಷಯ ಹೇಳಿತು. ವಿವರ ಬೇಡ, ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯಿದೆಯ ಅಡಿ ಬರುವಂಥದ್ದು. 2012ರ ಆ ಕಾಯಿದೆಯ 19ನೆಯ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆದರೂ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ಸ್ಥಳೀಯ ಪೊಲೀಸರಿಗೋ ತಿಳಿಸಲೇಬೇಕು. ತಿಳಿಸದಿದ್ದರೆ 21ನೆಯ ಸೆಕ್ಷನ್‌ನಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ವಿದ್ಯಾರ್ಥಿ ಎಂಬ ವಿನಾಯಿತಿ ಅದರಲ್ಲಿಲ್ಲ. ಮುಖ್ಯೋಪಾಧ್ಯಾಯಿನಿ ನನ್ನನ್ನು ಕೂರಿಸಿಕೊಂಡು ಕಾಫಿ ತರಿಸಿದರು. "ನೀವಿನ್ನೂ ಕಲಿಯುವವರು, ಮಕ್ಕಳು ಏನೇನೋ ಹೇಳುತ್ತವೆ, ಆಡಳಿತ ಮಂಡಳಿ ನೋಡಿಕೊಳ್ಳುತ್ತದೆ" ಎಂದರು. ನನ್ನ ಟಿಪ್ಪಣಿ ಪುಸ್ತಕ ಅವರ ಮೇಜಿನ ಮೇಲೆಯೇ ಇತ್ತು. ಮಾತನಾಡುತ್ತಲೇ ಅದನ್ನು ತಮ್ಮ ಕಡೆಗೆ ಎಳೆದುಕೊಂಡು ಮೇಲೆ ಹಾಜರಿ ಪುಸ್ತಕ ಇಟ್ಟರು. ಅದು ನನಗೆ ವಾಪಸ್ ಸಿಗಲೇ ಇಲ್ಲ.

ನಾನು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆ. ಮರುದಿನದಿಂದ ಬರಬೇಡಿ ಎಂದು ಶಾಲೆಯವರು ಹೇಳಿದರು. ಅಲ್ಲಿ ಮಾಡಿದ ಗಂಟೆಗಳಿಗೆ ಪ್ರಮಾಣಪತ್ರ ಕೊಡಲಿಲ್ಲ. ಕಾಲೇಜು ಆ ಗಂಟೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಸೆಮಿಸ್ಟರ್ ಪೂರ್ತಿ ಮತ್ತೆ: ಶುಲ್ಕ 38,000, ಪಿ.ಜಿ. ಬಾಡಿಗೆ ತಿಂಗಳಿಗೆ 7,500, ಮರುನೋಂದಣಿ 2,000, ಅಂಕಪಟ್ಟಿ ತಡವಾದದ್ದಕ್ಕೆ ಕೈತಪ್ಪಿದ ಕೆಲಸ ಬೇರೆ. ಸೂಪರ್‌ವೈಸರ್ ಒಂದು ಸಾಲು ಬರೆದುಕೊಡಲಿಲ್ಲ. ಮಗುವಿಗೆ ನಾನು ಹೇಳದೆ ಬಂದುಬಿಟ್ಟಂತಾಯಿತು, ಅದು ಇವತ್ತಿಗೂ ಚುಚ್ಚುತ್ತದೆ. ಇಂಟರ್ನ್‌ಶಿಪ್‌ಗೆ ಕಳಿಸುವ ಮೊದಲು ಇಂಥದ್ದು ಬಂದರೆ ಯಾರಿಗೆ ಕರೆ ಮಾಡಬೇಕು, ಕಾಲೇಜು ಯಾರ ಪರ ನಿಲ್ಲುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಆರ್‌ಸಿಐ ನೋಂದಾಯಿತ
ಕ್ಲಿನಿಕಲ್ ಸೈಕಾಲಜಿಯಲ್ಲಿ ಎರಡು ವರ್ಷ ಎಂ.ಫಿಲ್. ಮಾಡಿ, ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಪಡೆದು ಕೆಲಸ ಮಾಡುತ್ತಿರುವವನು ನಾನು. ರಾತ್ರಿ ಕಷ್ಟ ಎಂದ ತಕ್ಷಣ ಕೇಳಬೇಕಾದ ಪ್ರಶ್ನೆ ಸಾಯುವ ಯೋಚನೆ ಬರುತ್ತದೆಯೇ ಎಂಬುದು. ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಹೌದು ಎಂದರೆ ಅವತ್ತೇ ಸೂಪರ್‌ವೈಸರ್‌ಗೆ ತಿಳಿಸಬೇಕು, ಹದಿನೈದು ದಿನ ಕಾಯುವುದಲ್ಲ. ರಾತ್ರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416, ಇಪ್ಪತ್ತನಾಲ್ಕು ಗಂಟೆಯೂ, ಕನ್ನಡದಲ್ಲೂ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಆದರೂ ಅರ್ಧಕ್ಕರ್ಧ ಇಂಟರ್ನ್‌ಗಳಿಗೆ ನಂಬರ್ ಗೊತ್ತಿರುವುದಿಲ್ಲ.

ಇನ್ನೊಂದು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿ ಮಾನಸಿಕ ಆರೋಗ್ಯ ವೃತ್ತಿಪರರು ಎಂದರೆ ಯಾರು ಎಂಬ ವ್ಯಾಖ್ಯೆ ಇದೆ. ಮನೋವೈದ್ಯರು ಇದ್ದಾರೆ, ನೋಂದಾಯಿತ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಇದ್ದಾರೆ, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಇದ್ದಾರೆ. ಆಪ್ತಸಮಾಲೋಚಕರು ಇಲ್ಲ. ಹಾಗಿರುವಾಗ ವಿದ್ಯಾರ್ಥಿ ಎಂಬುದನ್ನೂ ಮುಚ್ಚಿಟ್ಟು ಕೂರುವುದು ವಂಚನೆ. ದೂರಶಿಕ್ಷಣದಲ್ಲಿ ಎಂ.ಎ. ಮಾಡಿ ಬೋರ್ಡ್ ಹಾಕಿಕೊಂಡವರು ತುಂಬಿಹೋಗಿದ್ದಾರೆ. ಜನರಿಗೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ?

ನಿವೃತ್ತ ಬ್ಯಾಂಕಿನವ
ಆ "ದೂರಶಿಕ್ಷಣದವರಲ್ಲಿ" ನಾನೂ ಒಬ್ಬ. ಸ್ವಯಂನಿವೃತ್ತಿ ಪಡೆದು, ಐವತ್ತರ ನಂತರ ಓದಿದೆ. ಪಿ.ಎಫ್. ಹಣದಲ್ಲಿ. ಇಂಟರ್ನ್‌ಶಿಪ್ ಹುಡುಕಲು ನಾನು ತುಳಿಯದ ಆಸ್ಪತ್ರೆಯ ಮೆಟ್ಟಿಲಿಲ್ಲ. ನನ್ನ ಮಗಳ ವಯಸ್ಸಿನವರು "ಅಂಕಲ್, ರೆಗ್ಯುಲರ್ ಅಲ್ಲವಲ್ಲ" ಎಂದು ಅರ್ಜಿ ಹಿಂದಿರುಗಿಸಿದರು. ಕೊನೆಗೆ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಸಂಬಳವಿಲ್ಲದೆ ಕುಳಿತೆ. ಬಸ್ಸು, ಊಟ, ಸೂಪರ್‌ವೈಸರ್ ಶುಲ್ಕ ಸೇರಿ ತಿಂಗಳಿಗೆ ಒಂಬತ್ತು ಸಾವಿರ ಕರಗುತ್ತಿತ್ತು. ಅಲ್ಲಿ ಪ್ರತಿಯೊಬ್ಬರಿಗೂ ಮೊದಲ ದಿನವೇ "ನಾನು ತರಬೇತಿಯಲ್ಲಿದ್ದೇನೆ" ಎಂದಿದ್ದೇನೆ. ಯಾರೂ ಎದ್ದು ಹೋಗಲಿಲ್ಲ. 2025ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ದೂರಶಿಕ್ಷಣದಲ್ಲಿ ಮನಶ್ಶಾಸ್ತ್ರವನ್ನೇ ನಿಲ್ಲಿಸಿತು. ಮುಂದೆ ನನ್ನಂಥವರು ಓದಲು ದಾರಿಯೇ ಇಲ್ಲ. ಅದರ ಮೇಲೆ ವಂಚಕರೆಂಬ ಹೆಸರು ಬೇರೆ!

ಇನ್ನು ಕಾಯಿದೆ. ಅದೇ ಕಾಯಿದೆಯ 23ನೆಯ ಸೆಕ್ಷನ್ ಗೋಪ್ಯತೆಯ ಹೊಣೆಯನ್ನು ಆರೈಕೆ ಕೊಡುವ ಎಲ್ಲ ಆರೋಗ್ಯ ವೃತ್ತಿಪರರ ಮೇಲೆ ಹೊರಿಸುತ್ತದೆ. 2021ರ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ಕಾಯಿದೆಯಲ್ಲಿ ಕೌನ್ಸೆಲರ್‌ಗಳ ಹೆಸರೂ ಇದೆ. ನೀವು ಒಂದೇ ಪುಟ ಓದಿ ನಿಲ್ಲಿಸಿದ್ದೀರಿ.

ಆರ್‌ಸಿಐ ನೋಂದಾಯಿತ
ವಂಚನೆ ಎಂದದ್ದು ಮುಚ್ಚಿಡುವುದನ್ನು. ನೀವು ಮುಚ್ಚಿಟ್ಟಿಲ್ಲ, ಸರಿ. ಆದರೆ ಪ್ರಾಯೋಗಿಕ ತರಬೇತಿಯಿಲ್ಲದ ಪದವಿ ಪದವಿಯೇ ಅಲ್ಲ ಎಂದೇ ನಾನು ಹೇಳುವುದು. ಯುಜಿಸಿ ಮಾಡಿದ್ದು ಸರಿಯಾಗಿಯೇ ಇದೆ.

ನಿವೃತ್ತ ಬ್ಯಾಂಕಿನವ
ನಿಮ್ಮ ಎಂ.ಫಿಲ್. ಸೀಟು ವಿಭಾಗಕ್ಕೆ ಬೆರಳೆಣಿಕೆಯಷ್ಟಿತ್ತು. ಅದಕ್ಕೆ ಕೋಚಿಂಗ್, ಪ್ರವೇಶ ಪರೀಕ್ಷೆ, ಖಾಸಗಿಯಾದರೆ ಲಕ್ಷಗಟ್ಟಲೆ ಶುಲ್ಕ. ಬೀದರಿನಲ್ಲಿ, ಚಾಮರಾಜನಗರದಲ್ಲಿ ಯಾರು ಕುಳಿತು ಕೇಳುತ್ತಾರೆ? ನೀವು ಬರುತ್ತೀರಾ?

ಮೈಸೂರು ವಿದ್ಯಾರ್ಥಿನಿ
ಎಲ್ಲರಿಗೂ ಧನ್ಯವಾದ. ಇವತ್ತು ಅವಳನ್ನು ನೇರವಾಗಿಯೇ ಕೇಳಿದೆ. ಸಾಯುವ ಯೋಚನೆ ಇಲ್ಲ, ಹಾಸ್ಟೆಲಿನಲ್ಲಿ ಒಂಟಿತನ ಎಂದಳು. 14416 ಬರೆದುಕೊಟ್ಟೆ, ಸೂಪರ್‌ವೈಸರ್‌ಗೂ ತಿಳಿಸಿದೆ. ಏಪ್ರಿಲ್ ವಿಷಯ ಹೇಗೆ ಹೇಳಬೇಕು ಎಂದು ಯಾರಾದರೂ ಹೇಳುತ್ತೀರಾ?

ಕ್ಲೈಂಟ್ ಆಗಿದ್ದವಳು
ನಾನು ನಿಮ್ಮ ವೃತ್ತಿಯವಳಲ್ಲ. ಕುರ್ಚಿಯ ಈ ಕಡೆ ಕುಳಿತವಳು. ಇಷ್ಟು ಹೊತ್ತು ಓದಿದೆ, ಎಲ್ಲರೂ ತಮ್ಮ ದುಡ್ಡಿನ, ತಮ್ಮ ಪದವಿಯ ಲೆಕ್ಕ ಹೇಳುತ್ತಿದ್ದೀರಿ.

ಅಪ್ಪ ತೀರಿಕೊಂಡ ವರ್ಷ ಒಂದು ಕೇಂದ್ರಕ್ಕೆ ಹೋಗುತ್ತಿದ್ದೆ. ಒಬ್ಬರು ಮೇಡಂ ಇದ್ದರು, ಚೆನ್ನಾಗಿಯೇ ಕೇಳಿಸಿಕೊಳ್ಳುತ್ತಿದ್ದರು. ಅಪ್ಪನ ಕೊನೆಯ ರಾತ್ರಿ ಆಸ್ಪತ್ರೆಯಲ್ಲಿ ನಡೆದದ್ದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಅವರಿಗೆ ಅರ್ಧ ಹೇಳಿದ್ದೆ. ಉಳಿದರ್ಧ ಮುಂದಿನ ವಾರ ಎಂದು ಬಂದೆ. ಮುಂದಿನ ವಾರ ಹೋದರೆ ಅವರ ಕೋಣೆಯಲ್ಲಿ ಬೇರೆ ಯಾರೋ ಹುಡುಗ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. ರಿಸೆಪ್ಷನಿಸ್ಟ್ "ಅವರು ಸ್ಟೂಡೆಂಟ್ ಅಲ್ಲವಾ, ಅವರದ್ದು ಮುಗಿಯಿತು, ಈಗ ಹೊಸ ಬ್ಯಾಚ್" ಎಂದರು. ಸ್ಟೂಡೆಂಟ್ ಎಂದು ನನಗೆ ಗೊತ್ತಾದದ್ದೇ ಆಗ. ಬೇರೆಯವರಿಗೆ ಅಪಾಯಿಂಟ್‌ಮೆಂಟ್ ಹಾಕಲೇ ಎಂದು ಕೇಳಿದರು. ಮತ್ತೆ ಮೊದಲಿನಿಂದ ಅಪ್ಪನ ಕಥೆ ಹೇಳುವ ಶಕ್ತಿ ನನಗಿರಲಿಲ್ಲ. ಆಮೇಲೆ ಎಲ್ಲಿಗೂ ಹೋಗಿಲ್ಲ.

ವಿದ್ಯಾರ್ಥಿ ಎಂದು ಮೊದಲೇ ಹೇಳಿದ್ದರೆ ನಾನು ಖಂಡಿತ ಬರುತ್ತಿದ್ದೆ. ಅವರು ಇಂಥ ತಿಂಗಳು ಹೋಗುತ್ತಾರೆಂದು ಗೊತ್ತಿದ್ದರೆ ಆ ಮಾತನ್ನು ಮೊದಲೇ ಹೇಳಿ ಮುಗಿಸುತ್ತಿದ್ದೆ, ಇಲ್ಲವೇ ಎತ್ತುತ್ತಲೇ ಇರಲಿಲ್ಲ. ತಂಗಿ, ನಾಳೆಯೇ ಹೇಳು.

ಶಿರಸಿ ಕಡೆಯವಳು
ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ತರಬೇತಿಯಲ್ಲಿ ಮೊದಲ ಸೆಷನ್‌ನಲ್ಲೇ ಒಂದು ಹಾಳೆ ಓದಿ ಹೇಳಿ ಸಹಿ ಪಡೆಯುತ್ತಿದ್ದೆವು, ಕನ್ನಡದಲ್ಲೇ: ನಾನು ತರಬೇತಿಯಲ್ಲಿದ್ದೇನೆ, ಇಂಥವರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತೇನೆ, ನೀವು ಹೇಳಿದ್ದನ್ನು ಹೆಸರು ಬದಲಿಸಿ ಅವರೊಂದಿಗೆ ಚರ್ಚಿಸುತ್ತೇನೆ, ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಗೋಪ್ಯವಾಗಿ ಇಡಲಾಗದು, ಇಂಥ ತಿಂಗಳವರೆಗೆ ಇರುತ್ತೇನೆ. ಕೊನೆಯ ಕೆಲವು ಸೆಷನ್‌ಗಳು ಮುಗಿಸುವುದಕ್ಕೇ ಮೀಸಲು. ಕ್ಲೈಂಟ್ ಒಪ್ಪಿದರೆ ಮುಂದಿನವರನ್ನು ಕರೆದು ಮೂವರೂ ಒಟ್ಟಿಗೆ ಕೂರುತ್ತಿದ್ದೆವು.

ಆದರೆ ಜಯನಗರದವರ ಮಾತು ಊರಿಗೆ ಹೊಂದುವುದಿಲ್ಲ. ಕ್ಲೈಂಟ್ ಜೊತೆ ಬೇರೆ ಸಂಬಂಧ ಇರಬಾರದು ಎನ್ನುತ್ತಾರೆ. ನಮ್ಮೂರಲ್ಲಿ ನನ್ನ ಕ್ಲೈಂಟ್ ಒಬ್ಬರು ನಮ್ಮ ಅಡಿಕೆ ತೂಗುವ ಸೊಸೈಟಿಯಲ್ಲೇ ಗುಮಾಸ್ತರು. ಜಾತ್ರೆಯಲ್ಲಿ ಎದುರಾದರೆ ಅವರಾಗಿ ಮಾತನಾಡಿಸುವವರೆಗೆ ನಾನು ಮಾತನಾಡಿಸುವುದಿಲ್ಲ ಎಂದು ಮೊದಲೇ ಹೇಳಿಟ್ಟಿದ್ದೆ. ಅಷ್ಟು ಸಾಕಾಯಿತು.

ಜಯನಗರ ನಾಲ್ಕನೇ ಬ್ಲಾಕ್
ಸಂಬಂಧವೇ ಇರಬಾರದು ಎಂದು ನಾನೆಲ್ಲಿ ಹೇಳಿದೆ? ನಂಬರ್ ವಿಷಯ ಮಾತ್ರ ಹೇಳಿದ್ದು. ಮೇಲೆ ಹೋಗಿ ಇನ್ನೊಮ್ಮೆ ಓದಿ.

ಹುಬ್ಬಳ್ಳಿ ಎಂಎಸ್‌ಡಬ್ಲ್ಯು
ನಂಬರ್ ವಿಷಯದಲ್ಲಿ ನನ್ನ ಮಾತು ಬದಲಾಗುವುದಿಲ್ಲ. ಮೇಡಂ, ನಿಮ್ಮ ಸೂಪರ್‌ವೈಸರ್ 1,800 ತೆಗೆದುಕೊಂಡು ಕನ್ನಡವನ್ನೂ ಕಲಿಯಲಿಲ್ಲವಲ್ಲ, ಅದನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ.

ಜಯನಗರ ನಾಲ್ಕನೇ ಬ್ಲಾಕ್
1,700. ಅವರು ನನಗೆ ಕಲಿಸಿದ್ದನ್ನು ಬೆಲೆ ಕಟ್ಟಿ ಮಾತನಾಡಬೇಡಿ. ಕನ್ನಡದಲ್ಲೇ ಕೊಡುವವರು ಸಿಕ್ಕಿದ್ದರೆ ಅಲ್ಲಿಗೇ ಹೋಗುತ್ತಿದ್ದೆ.

ಬೆಳ್ಳಿಚುಕ್ಕಿ
ಅಂಥವರು ಯಾರಾದರೂ ಗೊತ್ತಿದ್ದರೆ ನನಗೂ ಹೇಳಿ. ಧಾರವಾಡ, ಹುಬ್ಬಳ್ಳಿ ಸುತ್ತಮುತ್ತ, ಗಂಟೆಗೆ ಸಾವಿರದೊಳಗೆ, ಮಕ್ಕಳ ಜೊತೆ ಕೆಲಸ ಮಾಡಿದವರಾದರೆ ಒಳ್ಳೆಯದು. ಆನ್‌ಲೈನ್ ಆದರೂ ಆಗುತ್ತದೆ.

ಶಿರಸಿ ಕಡೆಯವಳು
ನನ್ನ ಮೇಡಂ ಕನ್ನಡದವರೇ, 800 ತೆಗೆದುಕೊಳ್ಳುತ್ತಾರೆ, ಶನಿವಾರ ಮಾತ್ರ. ಅವರನ್ನು ಕೇಳಿ, ಒಪ್ಪಿದರೆ ನಿಮಗೆ ತಿಳಿಸುತ್ತೇನೆ.