‘ಒಡ್ಡಿಕೊಳ್ಳುವಿಕೆ’ಗೆ ಬೇರೆ ಮಾತು ಇದೆಯೇ?

ಎಲ್ಲರಿಗೂ ನಮಸ್ಕಾರ.

ಸಿಂಧನೂರು ಕಡೆಯ ಅಂಗನವಾಡಿ ಕಾರ್ಯಕರ್ತೆಯರಿಗಾಗಿ ಕರಪತ್ರವೊಂದನ್ನು ತಿದ್ದುತ್ತಿದ್ದೇನೆ. ಪುಟ್ಟ ಮಕ್ಕಳ ಮೇಲೆ ರಾಸಾಯನಿಕಗಳ ಪರಿಣಾಮ ಅದರ ವಿಷಯ. ಮೊದಲ ಸಾಲೇ ‘ಕೀಟನಾಶಕಗಳಿಗೆ ಮಕ್ಕಳ ಒಡ್ಡಿಕೊಳ್ಳುವಿಕೆಯನ್ನು ತಪ್ಪಿಸಿ’. ಓದಿ ಹೇಳಿದಾಗ ಒಬ್ಬ ಅಕ್ಕ, “ಒಡ್ಡು ಅಂದ್ರ ಹೊಲದ ಒಡ್ಡೇನ್ರೀ?” ಎಂದರು. ನಮ್ಮ ಕಡೆ ಒಡ್ಡು ಎಂದರೆ ಬದು. ಎಲ್ಲರೂ ನಕ್ಕೆವು. ಮನೆಗೆ ಬಂದ ಮೇಲೂ ಆ ಪದ ನನ್ನನ್ನು ಬಿಡಲಿಲ್ಲ.

ಇಂಥ ವಸ್ತು ಮೈಗೆ ಸೋಕುವುದು, ಮೈಯೊಳಗೆ ಸೇರುವುದು ಎಂಬ ಅರ್ಥದ ಇಂಗ್ಲಿಷಿನ ‘ಎಕ್ಸ್‌ಪೋಷರ್‌’ಗೆ ಪತ್ರಿಕೆಗಳಲ್ಲಿ ಈಗ ಇದೇ ಪದ ಓಡುತ್ತಿದೆ. ಆದರೆ ಎದೆಯೊಡ್ಡುವುದು, ಕೈಯೊಡ್ಡುವುದು ಬೇಕೆಂದೇ ಮಾಡುವ ಕೆಲಸ. ‘ಕೊಳ್ಳು’ ಸೇರಿದರಂತೂ ತಾನಾಗಿ ತಂದುಕೊಂಡದ್ದು. ಅಪ್ಪ ಹತ್ತಿಗೆ ಎಣ್ಣೆ ಹೊಡೆದು ಬಂದು ಅದೇ ಅಂಗಿಯಲ್ಲಿ ಎತ್ತಿಕೊಂಡರೆ, ಎಂಟು ತಿಂಗಳ ಕೂಸು ಏನನ್ನು ಒಡ್ಡಿಕೊಂಡಂತಾಯಿತು? (ಬೆಂಗಳೂರಿನವರು ಬೇರೆ ಅರ್ಥ ಮಾಡಿಕೊಳ್ಳಬೇಡಿ, ಇಲ್ಲಿ ಎಣ್ಣೆ ಎಂದರೆ ಕೀಟನಾಶಕ. ‘ಔಷಧ’ ಎನ್ನುವವರೂ ಇದ್ದಾರೆ. ವಿಷಕ್ಕೆ ಆ ಹೆಸರು ಬಂದದ್ದು ಇನ್ನೊಂದು ದಿನದ ಚರ್ಚೆ.)

‘ಸೋಂಕು’ ಹಳಗನ್ನಡದಲ್ಲಿ ಮುಟ್ಟುವುದು, ತಾಗುವುದು. ಚೆನ್ನಾಗಿ ಹೊಂದುತ್ತಿತ್ತು. ಈಗ ಅದು ರೋಗಾಣುವಿನ ಪಾಲಾಗಿದೆ. ‘ಸೀಸದ ಸೋಂಕು’ ಎಂದರೆ ಒಬ್ಬರಿಂದ ಒಬ್ಬರಿಗೆ ಹರಡುತ್ತದೆಂದು ತಿಳಿದಾರು.

ಅಕ್ಕಂದಿರ ಮಾತು ‘ಎಣ್ಣಿ ಬಡದದ’, ಬಿಸಿಲು ಬಡಿದಂತೆ. ಜೊಲ್ಲು, ಕಣ್ಣೀರು, ವಾಂತಿ ಶುರುವಾದ ಮೇಲೆ ಆಡುವ ಮಾತು ಅದು, ಕೀಟನಾಶಕಕ್ಕೆ ಸರಿಯಾಗಿದೆ. ಸೀಸಕ್ಕೆ ಬಂದರೆ ಕೈಕೊಡುತ್ತದೆ. ಹಳೆಯ ಬಣ್ಣದ ಚಕ್ಕೆ, ಬ್ಯಾಟರಿ ಒಡೆಯುವ ಕಡೆಯ ಮಣ್ಣು ಮೆತ್ತಿದ ಕೈಯನ್ನು ತೆವಳುವ ಮಗು ಬಾಯಿಗಿಡುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಅದರ ಮೈ ದೊಡ್ಡವರಿಗಿಂತ 4–5 ಪಟ್ಟು ಹೆಚ್ಚು ಹೀರಬಲ್ಲದು, ಕ್ಯಾಲ್ಸಿಯಂ ಎಂದೇ ಬಗೆದು ಮೂಳೆಯಲ್ಲಿ ಕೂಡಿಡುತ್ತದೆ. ಮಗು ಮಾತ್ರ ಆಡಿಕೊಂಡಿರುತ್ತದೆ. ಕಲಿಕೆಗೆ ಬಿದ್ದ ಪೆಟ್ಟು ಶಾಲೆ ಸೇರಿದ ಮೇಲೆ ತೋರಬಹುದು. ರಕ್ತಪರೀಕ್ಷೆ ಮಾಡದೆ ‘ಬಡಿದಿದೆ’ ಎನ್ನುವುದು ಹೇಗೆ? ಅಂದಹಾಗೆ, ಸೀಸದ ಕಡ್ಡಿಯಲ್ಲಿರುವುದು ಗ್ರಾಫೈಟ್, ಸೀಸವಲ್ಲ ಎಂದೂ ಒಂದು ಸಾಲು ಸೇರಿಸಬೇಕಾಯಿತು. ಒಬ್ಬರು ಮಕ್ಕಳ ಪೆನ್ಸಿಲ್ ಕಸಿಯಲು ಹೊರಟಿದ್ದರು.

ಸದ್ಯಕ್ಕೆ ‘ಹೊಲದ ಎಣ್ಣೆ ಕೂಸಿಗೆ ತಾಗದಂತೆ ನೋಡಿಕೊಳ್ಳಿ’ ಎಂದು ಬರೆದಿದ್ದೇನೆ. ಇಲ್ಲಿ ತಾಗುವುದು ಎಣ್ಣೆ, ಕೂಸು ಸುಮ್ಮನಿದೆ. ಆದರೆ ಕೊಪ್ಪಳ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲಿಗೆ ‘ತಾಗಿತು’ ಎನ್ನಲು ನಾಲಿಗೆ ತಡೆಯುತ್ತದೆ. ಕುಡಿದು ಮೈಸೇರಿದ್ದಕ್ಕೆ ಈ ಪದ ನಡೆದೀತೇ? ಇನ್ನು ಕೋಷ್ಟಕದಲ್ಲಿ ‘ಎಕ್ಸ್‌ಪೋಷರ್ ಪ್ರಮಾಣ’ ಎಂಬಲ್ಲಿ ನಾಮಪದವೇ ಬೇಕು, ‘ತಾಗುವಿಕೆ’ ನನಗಂತೂ ಒಗ್ಗದು.

ಸಂಡೂರು, ಹೊಸಪೇಟೆ ಕಡೆಯವರು ಇದ್ದರೆ ದಯವಿಟ್ಟು ಹೇಳಿ: ಅದಿರಿನ ಕೆಂಪು ದೂಳು ಮಕ್ಕಳಿಗೆ ಏನು ‘ಮಾಡುತ್ತದೆ’ ಅನ್ನುತ್ತಾರೆ ನಿಮ್ಮಲ್ಲಿ? ಬಡಿಯುತ್ತದೆಯೋ, ತಾಗುತ್ತದೆಯೋ, ಕುಡಿಯುತ್ತಾರೋ?