ಮನೆಯಲ್ಲೇ ಮಾಡಿದ 8 ಅಡಿ ಹಾಯಿದೋಣಿ ಗಾಳಿಗೆ ಎದುರು ಹತ್ತುದೇ ಇಲ್ಲ, ಪಕ್ಕಕ್ಕೆ ಜಾರ್ತದೆ, ಯಾರಾದ್ರೂ ಹೇಳಿ

ಗಂಗೊಳ್ಳಿ_ಹಾಯಿ:
ಎಲ್ರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ ಮಾರಾಯ್ರೆ. ನಾಲ್ಕು ತಿಂಗಳು ಆದಿತ್ಯವಾರ ಎಲ್ಲ ಇದಕ್ಕೇ ಹಾಕಿ ಪಡ್ಲ್ ಡಕ್ ಮಾಡಿದ್ದೇನೆ, ಗೊತ್ತಲ್ಲ 8 ಅಡಿ ಉದ್ದ 4 ಅಡಿ ಅಗಲದ ಪೆಟ್ಟಿಗೆ ತರದ್ದು, 6 ಎಂಎಂ ಪ್ಲೈ, ಹಾಯಿ 60 ಚದರ ಅಡಿ, ಬ್ಯಾಲೆನ್ಸ್ ಲಗ್ (ನಾಲ್ಕು ಮೂಲೆಯ ಹಾಯಿ, ಮೇಲೆ ಕೆಳಗೆ ಒಂದೊಂದು ಗಳ, ಸ್ವಲ್ಪ ಪಾಲು ಕೂವೆಯ ಮುಂದೆ ಇರ್ತದೆ). ಗಾಳಿ ಹಿಂದಿನಿಂದ ಬಂದ್ರೆ ಚಂದ ಓಡ್ತದೆ, ಅಡ್ಡಗಾಳಿಗೂ ಪರವಾಗಿಲ್ಲ. ಆದ್ರೆ ಗಾಳಿಗೆ ಎದುರು ಓರೆಯಲ್ಲಿ ಹತ್ತಿಸ್ಲಿಕ್ಕೆ ಹೋದ್ರೆ ಮೂತಿ ಮಾತ್ರ ಸರಿಯಾದ ಕಡೆ ಇರ್ತದೆ, ದೋಣಿ ಏಡಿ ನಡೆದ ಹಾಗೆ ಪಕ್ಕಕ್ಕೆ ಹೋಗ್ತದೆ. ಟ್ಯಾಕ್ ಮಾಡ್ಲಿಕ್ಕೆ, ಅಂದ್ರೆ ಮೂತಿಯನ್ನ ಗಾಳಿಗೆ ಎದುರಾಗಿ ದಾಟಿಸಿ ಇನ್ನೊಂದು ಓರೆಗೆ ತಿರುಗಿಸ್ಲಿಕ್ಕೆ ಹೋದ್ರೆ ಅರ್ಧಕ್ಕೆ ನಿಂತು ಹಾಯಿ ಪಟಪಟ ಹೊಡ್ಕೊಂಡು ವಾಪಸ್ ಹಳೇ ಕಡೆಗೇ ಬೀಳ್ತದೆ, ಹತ್ತು ಸಲಕ್ಕೆ ಒಂದು ಸಲ ತಿರುಗಿದ್ರೆ ಹೆಚ್ಚು.
ನಿನ್ನೆ ಹೊಳೆಯಲ್ಲಿ ಹೀಗೇ ಆಗಿ ಅಳಿವೆ ಬಾಗಿಲ (ಹೊಳೆ ಕಡಲಿಗೆ ಸೇರುವ ಜಾಗ) ತನಕ ಹೋಗಿಬಿಟ್ಟೆ, ಬ್ರೇಕ್‌ವಾಟರ್ ಕಲ್ಲು ಕಾಣ್ತಾ ಇತ್ತು, ಅಲೆ ಒಡೆಯುವ ಸದ್ದೂ ಕೇಳ್ತಾ ಇತ್ತು. ಒಬ್ರು ಅಜ್ಜ ಪಾತಿದೋಣಿಯಲ್ಲಿ ಬಲೆ ಎಳೀತಾ ಇದ್ದವರು ನೋಡಿ ಬಂದು ಹಗ್ಗ ಬಿಸಾಡಿ ಎಳ್ಕೊಂಡು ಬಂದ್ರು. ಮನೆಯಲ್ಲಿ ಇನ್ನೂ ಹೇಳ್ಲಿಲ್ಲ.
ಹಾಯಿ ಬದಲಿಸ್ಬೇಕಾ? ಕೂವೆ (ಹಾಯಿ ಕಟ್ಟುವ ಕಂಬ, ಮಾಸ್ಟ್) ಜಾಗ ತಪ್ಪಾಗಿದ್ಯಾ? ಎಲ್ಲ ಪ್ಲಾನ್ ಪ್ರಕಾರವೇ ಮಾಡಿದ್ದು.

ಮೈಸೂರು_ಮಾಸ್ಟ್:
ಇದು ಪಕ್ಕಾ ಬ್ಯಾಲೆನ್ಸ್ ಪ್ರಾಬ್ಲಂ ಗುರು, ಎರಡು ಮಾತಿಲ್ಲ. ಹಾಯಿ ಮೇಲೆ ಗಾಳಿ ಒತ್ತೋ ನಡುಬಿಂದು ಒಂದಿರತ್ತೆ, ನೀರೊಳಗೆ ದೋಣಿ ಪಕ್ಕಕ್ಕೆ ಹೋಗ್ದಂಗೆ ತಡೆಯೋ ನಡುಬಿಂದು ಇನ್ನೊಂದಿರತ್ತೆ, ಹಾಯಿದು ಜಾಸ್ತಿ ಮುಂದಕ್ಕಿದ್ರೆ ಮೂತಿ ಗಾಳಿಯಿಂದ ಆಚೆ ತಳ್ಕೊಂಡು ಹೋಗತ್ತೆ, ಟ್ಯಾಕ್ ಆಗಲ್ಲ. ಮಾಸ್ಟ್‌ನ ಮೂರು ಇಂಚು ಹಿಂದಕ್ಕೆ ವಾಲ್ಸು, ಬುಡಕ್ಕೆ ಒಂದು ಬೆಣೆ ಹೊಡಿ ಸಾಕು. ನನ್ನ ಹಳೇ ದೋಣೀಲಿ ಇದೇ ಆಗಿತ್ತು, ವಾಲ್ಸಿದ ಮೇಲೆ ಬೆಣ್ಣೆ ಥರ ತಿರುಗ್ತಿತ್ತು.

ಪ್ಲೈ_ಭಟ್:
ಅದೆಲ್ಲ ಆಮೇಲೆ. ಪ್ಲೈ ಯಾವ್ದು? 710 ಮುದ್ರೆ ಇದ್ದ ಮರೈನ್ ಪ್ಲೈಯಾ ಅಥವಾ ಪೀಠೋಪಕರಣಕ್ಕೆ ಹಾಕುವ 303 ಆ? 303 ಆದ್ರೆ ನೀರು ಕುಡ್ದು ತೂಕ ಏರಿರ್ತದೆ, ಭಾರದ ದೋಣಿ ತಿರುಗೂದಿಲ್ಲ.

ಗಂಗೊಳ್ಳಿ_ಹಾಯಿ:
ಭಟ್ರೆ 710ದೇ, ಶೀಟಿನ ಮೇಲೆ ಮುದ್ರೆ ಇತ್ತು. ತೂಕ ಹೆಚ್ಚಿಲ್ಲ, ನಾನು ತಮ್ಮ ಇಬ್ರೇ ಎತ್ತಿ ರಿಕ್ಷಾ ಟೆಂಪೋಗೆ ಹಾಕ್ತೇವೆ. @ಮೈಸೂರು_ಮಾಸ್ಟ್ ಚುಕ್ಕಾಣಿ ಕೈ ಬಿಟ್ರೆ ಮೂತಿ ತಾನಾಗಿ ಗಾಳಿ ಕಡೆಗೆ ತಿರುಗ್ತದೆ, ಆಚೆಗೆ ಹೋಗೂದಿಲ್ಲ. ಹಿಂದಕ್ಕೆ ವಾಲಿಸಿದ್ರೆ ಅದು ಇನ್ನೂ ಜಾಸ್ತಿ ಆಗೂದಿಲ್ವಾ?

ಮೈಸೂರು_ಮಾಸ್ಟ್:
ಕಮ್ಮಿ ಗಾಳೀಲಿ ಹಂಗೆ ಅನ್ಸತ್ತೆ ಕಣಪ್ಪ, ಗಾಳಿ ಏರಿದ್ರೆ ಬೇರೆ. ಮೊದ್ಲು ವಾಲ್ಸಿ ನೋಡು, ಖರ್ಚಿಲ್ಲ ಏನಿಲ್ಲ. ಹಾಯಿ ಫೋಟೋ ಹಾಕು.

ಗಂಗೊಳ್ಳಿ_ಹಾಯಿ:
ಫೋಟೋ ಹಾಕಿದ್ದೇನೆ, ದಡದಲ್ಲಿ ನಿಲ್ಲಿಸಿ ತೆಗೆದದ್ದು. ಹಾಯಿ ನೀಲಿ ಟಾರ್ಪಲ್ ಕತ್ತರಿಸಿ ಮಾಡಿದ್ದು, ಅಂಚು ಅಮ್ಮನ ಮೆಷಿನ್‌ನಲ್ಲಿ ಹೊಲಿದದ್ದು. ಕೂವೆ ಬಿದಿರು.

ಟೊರಾಂಟೋ_ಬಸವನಗುಡಿ:
ಚೆನ್ನಾಗಿದೆ ದೋಣಿ! ಬಿದಿರು ಬಗ್ಗುತ್ತೆ, ಬಗ್ಗಿದ್ರೆ ಹಾಯಿ ಆಕಾರ ಹೋಗುತ್ತೆ, ನಾನಾದ್ರೆ ಅಲ್ಯೂಮಿನಿಯಂ ಪೈಪ್ ಹಾಕ್ತಿದ್ದೆ. ನಾನಿಲ್ಲಿ ಹಳೇ ಮಿರರ್ ಡಿಂಗಿ (ಸಣ್ಣ ಹಾಯಿದೋಣಿ) ತಗೊಂಡು ರಿಪೇರಿ ಮಾಡ್ತಾ ಇದೀನಿ, 1962ರ ಡಿಸೈನ್, ಪ್ಲೈ ಹಲಗೆಗಳನ್ನ ತಾಮ್ರದ ತಂತಿಯಲ್ಲಿ ಹೊಲಿದು ಸಂದಿಗೆ ಫೈಬರ್ ಪಟ್ಟಿ ಅಂಟಿಸೋದು, ಮನೇಲಿ ದೋಣಿ ಕಟ್ಟೋರಿಗೆಲ್ಲ ಆ ವಿಧಾನ ತಲುಪಿದ್ದೇ ಅದರಿಂದ. ಕೆಂಪು ಹಾಯಿ. ಮೇ ತಿಂಗಳಲ್ಲಿ ಒಂಟಾರಿಯೋ ಕೆರೆಗೆ ಇಳಿಸ್ಬೇಕು, ನೀರು ಆಗಲೂ ಕೊರೀತಾ ಇರುತ್ತೆ, ಡ್ರೈಸೂಟ್ (ಒಳಗೆ ನೀರು ಬರದ ಉಡುಪು) ಇಲ್ದೆ ಇಳಿಯೋ ಹಾಗಿಲ್ಲ. ಫೋಟೋ ಬೇರೆ ಹಾಕ್ತೀನಿ.

ಕಾರವಾರ_ಫೈಬರ್:
ಬಿದಿರು ಬಗ್ಗೂದು ಒಳ್ಳೇದೇ, ಜೋರು ಗಾಳಿ ಬಂದಾಗ ಬಗ್ಗಿ ಹೊಡೆತ ಬಿಟ್ಟುಕೊಡ್ತದೆ. ನಮ್ಮ ಕಡೆ ಹಾಯಿ ಇದ್ದ ಕಾಲದಲ್ಲಿ ಬಿದಿರಿನ ಗಳವೇ ಇದ್ದದ್ದು. ಅದಿರ್ಲಿ, ದೋಣಿಯ ಅಡಿಗೆ ಫೈಬರ್ ಹಾಕಿದ್ದೀರಾ? ಪಾಲಿಯೆಸ್ಟರ್ ರೆಸಿನ್ ಸಾಕು, ಎಪಾಕ್ಸಿಗೆ ಅಷ್ಟು ದುಡ್ಡು ಸುರಿಯೂದು ಬೇಡ.

ಪ್ಲೈ_ಭಟ್:
ಮರಕ್ಕೆ ಪಾಲಿಯೆಸ್ಟರ್ ಹಿಡಿಯೂದಿಲ್ಲ ಮಾರಾಯ್ರೆ, ಎರಡು ಮಳೆಗಾಲ ಹೋದ್ರೆ ಸಿಪ್ಪೆ ಎದ್ದ ಹಾಗೆ ಏಳ್ತದೆ. ಫೈಬರ್ ಮೇಲೆ ಫೈಬರ್ ಆದ್ರೆ ಸರಿ. ಪ್ಲೈಗೆ ಎಪಾಕ್ಸಿಯೇ.

ಕಾರವಾರ_ಫೈಬರ್:
ನಾನು 15 ವರ್ಷದಿಂದ ದೋಣಿಗೆ ಫೈಬರ್ ಹೊಡೀತಾ ಇದ್ದೇನೆ ಭಟ್ರೆ. ಮರ ಒಣಗಿದ್ರೆ, ಉಜ್ಜಿ ಮೊದಲ ಕೋಟು ತೆಳು ಹೊಡೆದ್ರೆ ಹಿಡೀತದೆ.

ಪ್ಲೈ_ಭಟ್:
ನೀವು ಹೊಡೆಯೂದು ದಪ್ಪ ಹಲಗೆಯ ನಾಡದೋಣಿಗೆ, ಇದು 6 ಎಂಎಂ, ಬಿಸಿಲಿಗೆ ಬಗ್ಗಿ ಏಳ್ತದೆ. ಅದೂ ಅಲ್ದೆ ಒಳಗೆ ತೇಲ್ಲಿಕ್ಕೆ ಥರ್ಮಾಕೋಲ್ ತುಂಬಿ ಅದ್ರ ಮೇಲೆ ಪಾಲಿಯೆಸ್ಟರ್ ಸುರಿದವರನ್ನ ನಾನು ನೋಡಿದ್ದೇನೆ, ರೆಸಿನ್‌ನ ಸ್ಟೈರೀನ್‌ಗೆ ಥರ್ಮಾಕೋಲ್ ಕರಗಿ ಒಳಗೆ ಬರೀ ಪೊಳ್ಳು. ಮಗುಚಿದ ದಿವಸ ಗೊತ್ತಾಗೂದು.

ಕಾರವಾರ_ಫೈಬರ್:
ಅದು ಹೌದು, ಥರ್ಮಾಕೋಲ್ ಮೇಲೆ ಎಪಾಕ್ಸಿಯೇ ಹಾಕ್ಬೇಕು. ನಾನು ಹೇಳಿದ್ದು ಅಡಿಗೆ.

ಮೈಸೂರು_ಮಾಸ್ಟ್:
ಎಲ್ಲಿಂದ ಎಲ್ಲಿಗೋ ಹೋಗ್ತಿದೀರ. ಫೋಟೋ ನೋಡಿದೆ, ಮಾಸ್ಟ್ ನೆಟ್ಟಗೆ ನಿಂತಿದೆ. ವಾಲ್ಸು ಅಂತ ಹೇಳಿದ್ದು ಅದಕ್ಕೇ.

ಗಂಗೊಳ್ಳಿ_ಹಾಯಿ:
ಸರ್ ನೀವು ಹೇಳಿದ್ರಿ ಅಂತ ಇವತ್ತು ಬೆಣೆ ಹೊಡೆದು ಮೂರು ಇಂಚು ವಾಲಿಸಿ ಹೋದೆ. ಚುಕ್ಕಾಣಿ ಎಳೆತ ಜಾಸ್ತಿ ಆಯ್ತು, ಕೈ ನೋವು ಬಂತು, ಜಾರೂದು ಹಾಗೇ ಇದೆ. ಟ್ಯಾಕ್ ಇನ್ನೂ ಕೆಟ್ಟಿದೆ. ಸಾಕಾಗಿದೆ ನಂಗೆ. ನಾಲ್ಕು ತಿಂಗಳ ಕೆಲಸ, ಇದನ್ನ ಹೊಳೆಬದಿಯಲ್ಲಿ ಮಗುಚಿಟ್ಟು ಕೋಳಿಗೂಡು ಮಾಡ್ಬೇಕಾ ಅಂತ ತಮ್ಮ ಕೇಳ್ತಾ ಇದ್ದಾನೆ.

ಅಘನಾಶಿನಿ_ಅಕ್ಕ:
ತಮ್ಮಾ, ಡ್ಯಾಗರ್‌ಬೋರ್ಡ್ (ಗೂಡಿನೊಳಗಿಂದ ನೀರಿಗೆ ಇಳಿಸುವ ಹಲಗೆ) ಎಷ್ಟು ಉದ್ದ ಇದೆ, ದೋಣಿ ತಳದಿಂದ ಕೆಳಗೆ ನೀರೊಳಗೆ? ಅದನ್ನ ಯಾರೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಮತ್ತೆ ಆ ದಿನ ಎಷ್ಟು ಹೊತ್ತಿಗೆ ಹೋಗಿದ್ದೆ?

ಗಂಗೊಳ್ಳಿ_ಹಾಯಿ:
ಅಕ್ಕಾ ಅದು 14 ಇಂಚು ಉಂಟು, ಅಗಲ 12 ಇಂಚು. ಪ್ಲಾನ್‌ನಲ್ಲಿ 30 ಇಂಚು ಇತ್ತು, ಆದ್ರೆ ನಮ್ಮ ಹೊಳೆ ಗೊತ್ತಲ್ಲ, ಹೊಯಿಗೆ (ಮರಳು) ದಿಬ್ಬ ಇದ್ದಲ್ಲಿ ಇಳಿತದಲ್ಲಿ ಮೊಣಕಾಲು ನೀರೂ ಇರೂದಿಲ್ಲ, ಮೊದಲ ದಿವಸವೇ ತಾಗಿ ಸೀಳಿತು, ಹಾಗೆ ಗರಗಸ ಹಾಕಿ ಕತ್ತರಿಸಿದೆ. ಅದು ಅಷ್ಟು ದೊಡ್ಡ ವಿಷಯ ಅಂತ ಅನ್ಸಲಿಲ್ಲ. ಬೆಳಿಗ್ಗೆ ಏಳೂವರೆಗೆ ಹೋದದ್ದು, ಬಿಸಿಲು ಏರುವ ಮೊದಲು ಅಂತ.

ಅಘನಾಶಿನಿ_ಅಕ್ಕ:
ಸಿಕ್ಕಿತು ನೋಡು. ಕೂವೆಯೂ ಅಲ್ಲ ಪ್ಲೈಯೂ ಅಲ್ಲ, ನಿನ್ನ ದೋಣಿಗೆ ನೀರಲ್ಲಿ ಹಿಡಿದು ನಿಲ್ಲುವ ಬೇರೇ ಇಲ್ಲ.
ಲೆಕ್ಕ ಹಾಕು. 12 ಇಂಚು ಗುಣಿಸು 14 ಅಂದ್ರೆ 168 ಚದರ ಇಂಚು, ಒಂದು ಚದರ ಅಡಿಗಿಂತ ಸ್ವಲ್ಪ ಹೆಚ್ಚು. ಹಾಯಿ 60. ಅಂದ್ರೆ ನೂರಕ್ಕೆ ಎರಡೂ ಇಲ್ಲ. ಸಣ್ಣ ದೋಣಿಗೆ ಹಲಗೆ ಹಾಯಿಯ ನೂರಕ್ಕೆ ನಾಲ್ಕರ ಆಸುಪಾಸು ಇರಬೇಕು, ಪ್ಲಾನ್‌ನ 30 ಇಂಚಿಗೆ ಎರಡೂವರೆ ಚದರ ಅಡಿ ಬರ್ತದೆ, ಸರಿಯಾಗಿ ಅಷ್ಟೇ. ನೀನು ಅರ್ಧಕ್ಕಿಂತ ಹೆಚ್ಚು ಕಡಿದು ಬಿಸಾಡಿದೆ. ಹಿಂದಿನ ಗಾಳಿಗೆ ಹಲಗೆ ಬೇಡವೇ ಬೇಡ, ಅದಕ್ಕೇ ಆವಾಗ ಚಂದ ಓಡಿದ್ದು. ಎದುರು ಹತ್ತುವಾಗ ಗಾಳಿ ತಳ್ಳೂದು ಹೆಚ್ಚು ಪಾಲು ಪಕ್ಕಕ್ಕೆ, ಅದನ್ನ ಹಲಗೆ ತಡೆದ್ರೆ ಮಾತ್ರ ದೋಣಿ ಮುಂದೆ ಹೋಗ್ತದೆ. ಟ್ಯಾಕ್ ಆಗದ್ದೂ ಅದಕ್ಕೇ: ಪಕ್ಕಕ್ಕೆ ಜಾರುವ ದೋಣಿಗೆ ವೇಗ ಇಲ್ಲ, ವೇಗ ಇಲ್ಲದೆ ಗಾಳಿಯ ಕಣ್ಣು, ಅಂದ್ರೆ ಗಾಳಿ ಬರುವ ನೇರ ದಿಕ್ಕು, ದಾಟೂದಿಲ್ಲ.
ಇನ್ನೊಂದು, ಇದು ಮೊದಲಿನದಕ್ಕಿಂತ ದೊಡ್ಡದು. ಬೆಳಿಗ್ಗೆ ಏಳೂವರೆಗೆ ಮೂಡುಗಾಳಿ, ನೆಲದಿಂದ ಕಡಲಿಗೆ. ಅಳಿವೆ ತನಕ ಎಳ್ಕೊಂಡು ಹೋಯ್ತು ಅಂದ್ರೆ ಇಳಿತವೂ ಇತ್ತು. ಗಾಳಿ, ನೀರು ಎರಡೂ ಕಡಲಿಗೆ ಹೋಗುವ ಹೊತ್ತಲ್ಲಿ, ಎದುರು ಹತ್ತದ ದೋಣಿ ತಕ್ಕೊಂಡು ಹೋಗಿದ್ದೀ. ಆ ಅಜ್ಜ ಇಲ್ಲದಿದ್ರೆ? ಬೈಯ್ತಾ ಇಲ್ಲ, ನಾನು ತದಡಿಯಲ್ಲಿ ಇದೇ ತಪ್ಪು ಮಾಡಿದ್ದೇನೆ, ಹುಟ್ಟು ಹಾಕಿ ಹಾಕಿ ಅಂಗೈ ಸುಲಿದು ಹೋಗಿತ್ತು, ಆಮೇಲೆ ಎರಡು ವಾರ ದೋಣಿ ಮುಟ್ಟಲಿಲ್ಲ.

ಗಂಗೊಳ್ಳಿ_ಹಾಯಿ:
ಅಕ್ಕಾ ಓದಿ ಸುಮ್ಮನೆ ಕೂತುಬಿಟ್ಟೆ. ಇಳಿತವೇ ಹೌದು, ಪಂಚಾಂಗ ನೋಡಿ ಲೆಕ್ಕ ಹಾಕಿದೆ.

ಅಘನಾಶಿನಿ_ಅಕ್ಕ:
ಹುಣ್ಣಿಮೆ ಅಮಾಸೆ ಹತ್ತಿರ ಸೆಳೆತ ಎಲ್ಲಕ್ಕಿಂತ ಜೋರು. ಇನ್ನು ಮುಂದೆ ಹೀಗೆ ಮಾಡು: ಭರತ (ಉಬ್ಬರ) ಏರುವಾಗ ಮಾತ್ರ ಇಳಿ, ಆಗ ಏನಾದ್ರೂ ಆದ್ರೂ ನೀರು ನಿನ್ನ ಒಳಗೇ ತಳ್ತದೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗ್ತದೆ, ಅದನ್ನ ಬರ್ಕೊಂಡು ಲೆಕ್ಕ ಇಡು. ಮಧ್ಯಾಹ್ನದ ಪಡುಗಾಳಿಯಲ್ಲಿ ಮೊದಲು ಗಾಳಿಗೆ ಎದುರು ಹೋಗಿ ಆಮೇಲೆ ಗಾಳಿ ಜೊತೆ ಮನೆಗೆ ಬಾ, ಆದ್ರೆ ಎದುರು ಅಂದ್ರೆ ನಿಮ್ಮಲ್ಲಿ ಅಳಿವೆ ಕಡೆಯೇ ಆಗ್ತದೆ, ಹಾಗಾಗಿ ಸೇತುವೆ ಒಳಗೇ ಇರು. ಲೈಫ್ ಜಾಕೆಟ್ ಹಾಕಿದ್ದೆಯಾ? ಲಂಗರು ಇತ್ತಾ?

ಗಂಗೊಳ್ಳಿ_ಹಾಯಿ:
ಜಾಕೆಟ್ ಹಾಕಿದ್ದೆ, 50 ನ್ಯೂಟನ್‌ದ್ದು, ಈಜು ಬರ್ತದೆ. ಲಂಗರು ಇರ್ಲಿಲ್ಲ.

ಕಾರವಾರ_ಫೈಬರ್:
ಲಂಗರು ಇಲ್ದೆ ಅಳಿವೆ ಇದ್ದ ಹೊಳೆಗೆ ಇಳೀಬಾರ್ದು ತಮ್ಮಾ. ಮೂರ್ನಾಲ್ಕು ಕೆಜಿ ಸಾಕು ಈ ದೋಣಿಗೆ, ಹಗ್ಗ ನೀರಿನ ಆಳದ ಐದು ಪಟ್ಟು ಬಿಡ್ಬೇಕು, ಮೊದಲ ಎರಡು ಮೀಟರ್ ಸರಪಳಿ. ಹಗ್ಗದ ತುದಿ ದೋಣಿಗೆ ಮೊದಲೇ ಕಟ್ಟಿಟ್ಟಿರು, ಗಾಬರಿಯಲ್ಲಿ ಕಟ್ಟದೆ ಬಿಸಾಡಿದವರು ಇದ್ದಾರೆ. ಫೋನ್ ನೀರು ಹೋಗದ ಪೌಚ್‌ನಲ್ಲಿ ಕುತ್ತಿಗೆಗೆ. ಕರಾವಳಿ ಕಾವಲು ಪೊಲೀಸರದ್ದು 1093, ಕೋಸ್ಟ್ ಗಾರ್ಡ್ 1554, ಎರಡೂ ಸೇವ್ ಮಾಡ್ಕೋ.

ಮೈಸೂರು_ಮಾಸ್ಟ್:
ಬೋರ್ಡ್ ಕತ್ತರಿಸಿರೋದು ಮೊದಲೇ ಹೇಳಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಆದ್ರೂ ಮಾಸ್ಟ್ ಸ್ವಲ್ಪ ವಾಲಿರೋದೇ ವಾಸಿ ಅಂತ ನನ್ನ ಅಭಿಪ್ರಾಯ, ಹೊಸ ಬೋರ್ಡ್ ಹಾಕಿದ ಮೇಲೆ ನೋಡು.

ಅಘನಾಶಿನಿ_ಅಕ್ಕ:
ಇಲ್ಲ, ಬೆಣೆ ತೆಗೀಲಿ. ಒಂದು ಸಲಕ್ಕೆ ಒಂದೇ ಬದಲಾಯಿಸಬೇಕು, ಇಲ್ಲದಿದ್ರೆ ಯಾವುದರಿಂದ ಸರಿ ಆಯ್ತು ಅಂತ ಗೊತ್ತಾಗೂದಿಲ್ಲ.

ಗಂಗೊಳ್ಳಿ_ಹಾಯಿ:
ಆದ್ರೆ 30 ಇಂಚು ಹಾಕಿದ್ರೆ ಮತ್ತೆ ಹೊಯಿಗೆಗೆ ತಾಗ್ತದಲ್ಲ ಅಕ್ಕಾ?

ಅಘನಾಶಿನಿ_ಅಕ್ಕ:
ಡ್ಯಾಗರ್‌ಬೋರ್ಡ್ ಬಿಡು, ಲೀಬೋರ್ಡ್ ಮಾಡು. ದೋಣಿಯ ಪಕ್ಕಕ್ಕೆ, ಹೊರಗಿಂದ, ಒಂದೇ ಬೋಲ್ಟಿನ ಮೇಲೆ ತಿರುಗುವ ಹಲಗೆ. ಹೊಯಿಗೆ ತಾಗಿದ್ರೆ ತಾನೇ ಹಿಂದಕ್ಕೆ ಮಡಚಿ ಮೇಲೆ ಬರ್ತದೆ. ಹಾಲೆಂಡಿನವರು ತಮ್ಮ ಆಳವಿಲ್ಲದ ನೀರಿಗೆ ಚಪ್ಪಟೆ ತಳದ ದೋಣಿ ಕಟ್ಟಿ ಪಕ್ಕಕ್ಕೆ ಹಲಗೆ ಹಾಕ್ತಾ ಬಂದದ್ದು ಇದೇ ಕಾರಣಕ್ಕೆ, ನಮ್ಮ ಅಳಿವೆಗಳಿಗೂ ಹೇಳಿ ಮಾಡಿಸಿದ್ದು. 18 ಎಂಎಂ ಪ್ಲೈ, ಮುಂದಿನ ಅಂಚು ಗುಂಡಗೆ, ಹಿಂದಿನ ಅಂಚು ತೆಳು ಮಾಡಿ ಉಜ್ಜು. ಬೋಲ್ಟ್ 12 ಎಂಎಂ ಸ್ಟೀಲ್, ಒಳಗಡೆ ದೊಡ್ಡ ಮರದ ತುಂಡು ಅಂಟಿಸಿ ಬಲ ಕೊಡು, ಎಲ್ಲ ಹೊರೆ ಅದರ ಮೇಲೇ ಬೀಳೂದು. ಹಲಗೆಯ ನಡು ಈಗಿನ ಗೂಡಿನ ನೇರಕ್ಕೇ ಬರಲಿ.
ಟ್ಯಾಕ್ ಮಾಡುವಾಗ ಚುಕ್ಕಾಣಿ ಗಕ್ಕಂತ ತಿರುಗಿಸಬೇಡ, ಅದು ಬ್ರೇಕ್ ಆಗ್ತದೆ. ಮೊದಲು ಸ್ವಲ್ಪ ಗಾಳಿ ಕೊಟ್ಟು ವೇಗ ಹಿಡಿ, ಆಮೇಲೆ ಮೆಲ್ಲ ತಿರುಗಿಸು. ಸಿಕ್ಕಿಬಿದ್ರೆ ಹಾಯಿಯ ಕೆಳಗಳ (ಕೆಳಗಿನ ಅಂಚಿನ ಕೋಲು) ಕೈಯಲ್ಲಿ ಹಿಡಿದು ಒಂದು ಬದಿಗೆ ಗಾಳಿಗೆ ಒಡ್ಡು, ದೋಣಿ ಹಿಂದಕ್ಕೆ ಹೋಗ್ತಾ ತಿರುಗ್ತದೆ, ಹಿಂದೆ ಹೋಗುವಾಗ ಚುಕ್ಕಾಣಿ ಉಲ್ಟಾ ಕೆಲಸ ಮಾಡ್ತದೆ ನೆನಪಿರಲಿ.
ಫೋಟೋದಲ್ಲಿ ಮೇಲ್ಗಳದ ಮುಂದಿನ ತುದಿಯಿಂದ ಹಾಯಿಯ ಹಿಂದಿನ ಕೆಳಮೂಲೆಗೆ ಓರೆ ಸುಕ್ಕು ಕಾಣ್ತದೆ. ಕೆಳಗೆಳೆಯುವ ಹಗ್ಗ ಸಡಿಲ. ಲಗ್ ಹಾಯಿಗೆ ಆ ಹಗ್ಗ ತಂತಿ ಹಾಗೆ ಬಿಗಿ ಇರಬೇಕು.

ಟೊರಾಂಟೋ_ಬಸವನಗುಡಿ:
ಲೀಬೋರ್ಡ್ ಒಳ್ಳೇ ಐಡಿಯಾ. ನನ್ನ ಮಿರರ್ ಫೋಟೋ ಹಾಕಿದೀನಿ ನೋಡಿ, ವಾರ್ನಿಶ್ ಆರು ಕೋಟು ಆಯ್ತು.

ಪ್ಲೈ_ಭಟ್:
ವಾರ್ನಿಶ್ ಭಾರಿ ಚಂದ ಬಂದಿದೆ. ಯಾವುದು ಹಾಕಿದ್ರಿ? ಯುವಿ ತಡೆಯುವಂಥದ್ದಾ?

(ವಾರ್ನಿಶ್ ಮಾತು ಎರಡು ಪುಟ ಹೋದದ್ದರಿಂದ ಬೇರೆ ಚರ್ಚೆಗೆ ಹಾಕಲಾಗಿದೆ – ನಿರ್ವಾಹಕ)

ಗಂಗೊಳ್ಳಿ_ಹಾಯಿ:
ಮೂರು ವಾರ ಆಯ್ತು, ಬರೀಲಿಕ್ಕೆ ಆಗಿರ್ಲಿಲ್ಲ. ಲೀಬೋರ್ಡ್ ಮಾಡಿದೆ, ಬೆಣೆ ತೆಗೆದೆ, ಕೆಳಹಗ್ಗಕ್ಕೆ ಎರಡು ಕಪ್ಪಿ ಹಾಕಿ ಬಿಗಿದೆ. ಮೊನ್ನೆ ಆದಿತ್ಯವಾರ ಭರತದಲ್ಲಿ ಸೇತುವೆ ಒಳಗೆ ಇಳಿಸಿದೆ. ಮೊದಲ ಸಲ ಹಲಗೆ ನೀರಿಗೆ ಬಿಟ್ಟಾಗ ದೋಣಿ ಏನೋ ಹಿಡ್ಕೊಂಡ ಹಾಗಾಯ್ತು, ಗಾಳಿ ಬಂದ ಕೂಡ್ಲೇ ಪಕ್ಕಕ್ಕೆ ಹೋಗುವ ಬದಲು ಮುಂದೆ ನುಗ್ಗಿತು, ಅಡಿಯಲ್ಲಿ ನೀರಿನ ಸದ್ದೇ ಬೇರೆ. ಫೋನ್ ಜಿಪಿಎಸ್ ಗೆರೆ ನೋಡಿದ್ರೆ ಮೊದಲು ಎರಡು ಟ್ಯಾಕ್ ನಡುವೆ 150 ಡಿಗ್ರಿ ಹತ್ತಿರ ಇತ್ತು, ಈಗ 105. ಹತ್ತರಲ್ಲಿ ಏಳೆಂಟು ತಿರುಗ್ತದೆ, ತಿರುಗದಿದ್ರೆ ಅಕ್ಕ ಹೇಳಿದ ಹಾಗೆ ಹಾಯಿ ಒಡ್ಡಿದ್ರೆ ಆಗ್ತದೆ. ಎರಡು ಸಲ ಹೊಯಿಗೆಗೆ ತಾಗಿತು, ಟಕ್ ಅಂತ ಮಡಚಿ ಮೇಲೆ ಬಂತು.
ಸೊಂಟದ ನೀರಲ್ಲಿ ಬೇಕಂತ್ಲೇ ಮೂರು ಸಲ ಮಗುಚಿ ಎತ್ತಿ ನೋಡಿದೆವು. ಎತ್ತಿದ ಮೇಲೆ ಒಳಗೆ ನೀರು ತುಂಬಾ ಉಳೀತದೆ, ತೇಲ್ಲಿಕ್ಕೆ 20 ಲೀಟರ್ ಖಾಲಿ ಕ್ಯಾನ್ ಇನ್ನೂ ಎರಡು ಕಟ್ಬೇಕು.

ಅಘನಾಶಿನಿ_ಅಕ್ಕ:
ಭಾರೀ ಖುಷಿ ಆಯ್ತು ತಮ್ಮಾ. ಕ್ಯಾನ್ ಎರಡೂ ಬದಿಗೆ ಸಮ ಕಟ್ಟು, ಮುಚ್ಚಳಕ್ಕೆ ಸಿಲಿಕೋನ್ ಹಚ್ಚು. ಕ್ಯಾನ್ ಕಟ್ಟಿದ ಮೇಲೆ ಮತ್ತೊಮ್ಮೆ ಮಗುಚಿ ನೋಡು.

ಮೈಸೂರು_ಮಾಸ್ಟ್:
ಸೂಪರ್. ಹಾಯಿ ಇನ್ನೂ ಚಪ್ಪಟೆ ಇದೆ ಆದ್ರೆ, ಟಾರ್ಪಲ್‌ನ ಮುಂದಿನ ಅಂಚು ಕೆಳಗಿನ ಅಂಚು ಎರಡು ಇಂಚು ಹೊಟ್ಟೆ ಬರೋ ಹಾಗೆ ಕತ್ತರಿಸಿ ಹೊಲಿದ್ರೆ ಗಾಳಿಗೆ ಇನ್ನೂ ಎದುರಾಗಿ ಹತ್ತತ್ತೆ. ಇದು ಮಾತ್ರ ಗ್ಯಾರಂಟಿ.

ಗಂಗೊಳ್ಳಿ_ಹಾಯಿ:
ಮುಂದಿನ ಹಾಯಿಗೆ ಮಾಡ್ತೇನೆ ಸರ್. ಆ ಅಜ್ಜನಿಗೆ ಒಂದು ಕೆಜಿ ಬೆಲ್ಲ ಮತ್ತೆ ಹೊಸ ನೈಲಾನ್ ಹಗ್ಗ ಕೊಟ್ಟು ಬಂದೆ, ನಂಗೆ ಬಿಸಾಡಿದ ಹಗ್ಗ ಆವತ್ತು ಬ್ರೇಕ್‌ವಾಟರ್ ಕಲ್ಲಿಗೆ ಉಜ್ಜಿ ಎಳೆ ಬಿಟ್ಟಿತ್ತು. ಬರುವ ಆದಿತ್ಯವಾರ ದೋಣಿಯಲ್ಲಿ ಕೂತು ನೋಡ್ತೇನೆ ಅಂತ ಹೇಳಿದ್ದಾರೆ, ಭರತ ಎಷ್ಟೊತ್ತಿಗೆ ಅಂತ ಅವರೇ ಹೇಳಿದ್ರು, ಪಂಚಾಂಗ ನೋಡದೆ. ಮನೆಯಲ್ಲೂ ಹೇಳಿದೆ.