ಸಹಾಯ ಬೇಕು: ಕಾದಂಬರಿ ವಾಚನದ ವಿಡಿಯೊ ಹಾಕಲು ಯಾರ ಒಪ್ಪಿಗೆ ಬೇಕು?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಾವು ಗೆಳೆಯರು ಸೇರಿ ಗೀತಾ ನಾಗಭೂಷಣ ಅವರ ಕಾದಂಬರಿ ಓದುವ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ನಮ್ಮ ಭಾಗದ ಬಡ ಹೆಣ್ಣುಮಕ್ಕಳ ಮಾತು ಅವರ ಬರಹದಲ್ಲಿದೆ. ಅದನ್ನು ಜೋರಾಗಿ ಓದಿಯೇ ಕೇಳಬೇಕು, ಅಲ್ವಾ?

ಅವರು ತೀರಿಕೊಂಡದ್ದು 2020ರಲ್ಲಿ. ಲೇಖಕರು ಹೋದ ಮೇಲೂ 60 ವರ್ಷ ಹಕ್ಕು ಇರುತ್ತದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಪ್ರಕಟವಾದ ಕೃತಿಯ ಮಿತವಾದ ಭಾಗವನ್ನು ಸಭೆಯಲ್ಲಿ ಓದಬಹುದು. ಅಲ್ಲಿವರೆಗೆ ಸರಿ. ಆದರೆ ಹಳ್ಳಿಯಿಂದ ಬರಲಾಗದವರಿಗಾಗಿ ವಿಡಿಯೊವನ್ನು ಯೂಟ್ಯೂಬ್‌ಗೂ ಹಾಕುವ ಆಸೆ. ಪ್ರಕಾಶಕರಿಗೆ ಪತ್ರ ಬರೆದೆವು, ಫೋನ್ ಮಾಡಿದೆವು. ಉತ್ತರ ಬರಲಿಲ್ಲ.

ಇಡೀ ಒಂದು ಅಧ್ಯಾಯ ಓದಿದರೆ ಅದು ಮಿತವಾದ ಭಾಗವೇ? ಯೂಟ್ಯೂಬ್‌ಗೆ ಪ್ರಕಾಶಕರ ಒಪ್ಪಿಗೆ ಸಾಕೇ, ಲೇಖಕಿಯ ಮನೆಯವರದ್ದೂ ಬೇಕೇ? ಇಂಥ ವಾಚನ ಮಾಡಿಸಿದವರು ದಯವಿಟ್ಟು ತಿಳಿಸಿ.